ಮನೆಯ ವಿದ್ಯುತ್ತೂ ತ್ರೈರಾಶಿಕದ ಲೆಕ್ಕವೂ

ಅಕ್ಕಿಯನ್ನು ಅಳೆಯಿಸದೆ ಕೊಳ್ಳುವ ಗೃಹಸ್ಥನಿಲ್ಲ. ಬಂಗಾರವನ್ನು ಒರೆಗೆ ಹಚ್ಚಿಸದೆ ಕೊಳ್ಳುವ ಗೃಹಿಣಿಯಿಲ್ಲ. ಹಾಲಿಗೆ ನೀರು ಬೆರೆತಿದೆಯೇ, ಎಣ್ಣೆಯ ತೂಕವು ಸರಿಯಾಗಿದೆಯೇ ಎಂದು ನಾವು ದಿನವೂ ವಿಚಾರಿಸುತ್ತೇವೆ. ಆದರೆ ಗೋಡೆಯೊಳಗಿನ ತಂತಿಯಲ್ಲಿ ಹರಿದು ಬಂದು, ದೀಪವನ್ನು ಬೆಳಗಿಸಿ, ನೀರನ್ನು ಕಾಯಿಸಿ, ಹಿಟ್ಟನ್ನು ರುಬ್ಬಿ, ತಿಂಗಳ ಕೊನೆಗೆ ಬಿಲ್ಲಿನ ರೂಪದಿಂದ ಮಾತ್ರ ದರ್ಶನ ಕೊಡುವ ವಿದ್ಯುಚ್ಛಕ್ತಿಯನ್ನು ಕುರಿತು ಹೀಗೆ ವಿಚಾರಿಸುವವರು ವಿರಳ. ಕಣ್ಣಿಗೆ ಕಾಣದ ವಸ್ತುವನ್ನು ಅಳೆಯುವುದೆಂತು, ಅದು ಇಂಜಿನಿಯರುಗಳಿಗೆ ಸೇರಿದ ಕೆಲಸವಲ್ಲವೆ, ಎಂದು ಬಹುಮಂದಿ ಅದನ್ನು ಕೈಬಿಟ್ಟಿರುತ್ತಾರೆ.

ನಿಜವಾಗಿ ನೋಡಿದರೆ ಇಲ್ಲಿ ಬೇಕಾಗುವ ಗಣಿತವು ಒಂದು ಗುಣಾಕಾರ, ಒಂದು ಭಾಗಾಕಾರ, ಇಷ್ಟೆ. ಎರಡು ಅಂಕಗಳು ತಿಳಿದರೆ ಸಾಕು: ವಿದ್ಯುತ್ತಿನ ಒತ್ತಡವೆಷ್ಟು, ಅದರ ಪ್ರವಾಹವೆಷ್ಟು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ತಂತಿಯ ರೋಧವು ದೊರೆಯುವುದು. ಒಂದನ್ನು ಇನ್ನೊಂದರಿಂದ ಗುಣಿಸಿದರೆ ಉಪಕರಣದ ಸಾಮರ್ಥ್ಯವು ದೊರೆಯುವುದು. ತ್ರೈರಾಶಿಕವನ್ನು ಕಲಿತ ಬಾಲಕನು ಈ ಲೆಕ್ಕವನ್ನು ಅನಾಯಾಸವಾಗಿ ಮಾಡಬಲ್ಲನು. ಇದರಿಂದ ಬಿಲ್ಲಿನ ಹಣವು ತಿಳಿಯುತ್ತದೆಂಬುದು ಸಣ್ಣ ಪ್ರಯೋಜನ. ಫ್ಯೂಸಿಗೂ ತಿಳಿಯದಂತೆ ಮನೆಯೊಳಗೆ ಅಡಗಿ ಕುಳಿತಿರುವ ಅಪಾಯವು ಎಲ್ಲಿರಬಹುದೆಂದು ಮುಂಚಿತವಾಗಿ ಊಹಿಸಬಹುದೆಂಬುದು ದೊಡ್ಡ ಪ್ರಯೋಜನ. ಈ ಎರಡನೆಯದನ್ನು ಉದ್ದೇಶಿಸಿಯೇ ನಾವು ಈ ಲೇಖನಕ್ಕೆ ತೊಡಗಿದ್ದೇವೆ.

ಶಾಸ್ತ್ರವಿಚಾರಕ್ಕೆ ಮುನ್ನ ಪದಗಳ ಅರ್ಥವನ್ನು ನಿಷ್ಕರ್ಷಿಸಿಕೊಳ್ಳುವುದು ನಮ್ಮ ಹಿರಿಯರ ಪದ್ಧತಿ. ನಮ್ಮ ಮನೆಗಳಲ್ಲಿ ‘ಕರೆಂಟು’ ಎಂಬ ಒಂದೇ ಮಾತು ಹಲವು ಅರ್ಥಗಳ ಹೊರೆಯನ್ನು ಹೊತ್ತಿದೆ. ‘ಕರೆಂಟು ಕಮ್ಮಿಯಾಗಿದೆ, ದೀಪ ಮಂಕಾಗಿದೆ’ ಎನ್ನುವಾಗ ನಾವು ಹೇಳುತ್ತಿರುವುದು ಒತ್ತಡದ ವಿಷಯ. ‘ಕರೆಂಟು ಹೊಡೆಯಿತು’ ಎನ್ನುವಾಗ ದೇಹದಲ್ಲಿ ಹರಿದ ಪ್ರವಾಹದ ವಿಷಯ. ‘ಈ ಗೀಸರು ಬಹಳ ಕರೆಂಟು ತಿನ್ನುತ್ತದೆ’ ಎನ್ನುವಾಗ ವ್ಯಯವಾದ ಶಕ್ತಿಯ ವಿಷಯ. ಶಾಸ್ತ್ರದಲ್ಲಿ ಇವು ಬೇರೆಬೇರೆ. ಒತ್ತಡಕ್ಕೆ ವಿಭವಾಂತರವೆಂದು ಹೆಸರು. ಬಳಕೆಯ ಮಾತಿನಲ್ಲಿ ವೋಲ್ಟೇಜು. ಅದರ ಮಾನವು ವೋಲ್ಟ್. ಹರಿವಿಗೆ ಪ್ರವಾಹವೆಂದು ಹೆಸರು. ಅದರ ಮಾನವು ಆಂಪಿಯರ್. ಹರಿವನ್ನು ತಡೆಯುವ ಗುಣಕ್ಕೆ ರೋಧವೆಂದು ಹೆಸರು. ಅದರ ಮಾನವು ಓಮ್. ರುಧ್ ಎಂಬ ಧಾತುವಿನಿಂದ ಹುಟ್ಟಿದ ಈ ಪದವು ವಿರೋಧ, ಅವರೋಧ, ನಿರೋಧ ಮೊದಲಾದ ಪದಗಳ ಬಂಧುವಾದುದರಿಂದ ಅದರ ಅರ್ಥವು ಕನ್ನಡಿಗರಿಗೆ ಹೊಸದಲ್ಲ. ಒಂದು ಉಪಕರಣವು ಎಷ್ಟು ವೇಗವಾಗಿ ಶಕ್ತಿಯನ್ನು ವ್ಯಯಿಸುತ್ತದೆಂಬುದು ಸಾಮರ್ಥ್ಯ. ಅದರ ಮಾನವು ವಾಟ್.

ಇವುಗಳ ಸಂಬಂಧವನ್ನು ಮನಸ್ಸಿಗೆ ತಂದುಕೊಳ್ಳಲು ಕೆರೆಯ ತೂಬು ಒಳ್ಳೆಯ ದೃಷ್ಟಾಂತವು. ಕೆರೆಯಲ್ಲಿ ನೀರು ಎಷ್ಟು ಎತ್ತರ ನಿಂತಿದೆಯೋ ತೂಬಿನ ಮೇಲೆ ಅಷ್ಟು ಒತ್ತಡ, ಇದು ವೋಲ್ಟೇಜು. ಕಾಲುವೆಯಲ್ಲಿ ಗಳಿಗೆಗೆ ಎಷ್ಟು ನೀರು ಹರಿದುಹೋಗುತ್ತದೆಯೋ ಅದು ಪ್ರವಾಹ. ತೂಬು ಕಿರಿದಾಗಿದ್ದರೆ, ಅಥವಾ ಕಾಲುವೆಯಲ್ಲಿ ಹೂಳೂ ಜೊಂಡೂ ತುಂಬಿದ್ದರೆ, ಕೆರೆಯು ತುಂಬಿದ್ದರೂ ಹರಿವು ಕಡಮೆಯಾಗುವುದು, ಇದು ರೋಧ. ಹೀಗೆ ಹರಿದ ನೀರು ಧುಮುಕಿ ಚಕ್ರವನ್ನು ತಿರುಗಿಸುವುದಾದರೆ, ಚಕ್ರಕ್ಕೆ ದೊರೆಯುವ ಬಲವು ನೀರಿನ ಎತ್ತರವನ್ನೂ ಅದರ ಪರಿಮಾಣವನ್ನೂ ಎರಡನ್ನೂ ಅವಲಂಬಿಸಿರುತ್ತದೆ, ಇದು ಸಾಮರ್ಥ್ಯ. ಎತ್ತರವಿದ್ದು ನೀರಿಲ್ಲದಿದ್ದರೆ ಚಕ್ರವು ತಿರುಗದು. ನೀರಿದ್ದು ಎತ್ತರವಿಲ್ಲದಿದ್ದರೂ ತಿರುಗದು.

ಈ ಸಂಬಂಧವನ್ನು ಅಂಕಗಳಲ್ಲಿ ನಿರೂಪಿಸಿದವನು ನಮ್ಮಂತೆಯೇ ಪಾಠ ಹೇಳಿ ಜೀವಿಸಿದ ಒಬ್ಬ ಉಪಾಧ್ಯಾಯನೆಂಬುದು ನಮಗೆ ಸಂತೋಷದ ವಿಷಯ. ಜರ್ಮನಿಯ ಎರ್ಲಾಂಗೆನ್ ಎಂಬ ಊರಿನಲ್ಲಿ ೧೭೮೯ರಲ್ಲಿ ಹುಟ್ಟಿದ ಗೇಯಾರ್ಗ್ ಸಿಮೋನ್ ಓಮ್ ಎಂಬಾತನು ಬೀಗ ಮಾಡುವ ಕಸಬಿನವನ ಮಗನು. ಆ ತಂದೆಯು ಸ್ವಪ್ರಯತ್ನದಿಂದ ಗಣಿತವನ್ನು ಕಲಿತು ಮಕ್ಕಳಿಗೆ ತಾನೇ ಪಾಠ ಹೇಳಿದನು. ಮಗನು ೧೮೧೭ರಿಂದ ಕೊಲೋನ್ ನಗರದ ಪಾಠಶಾಲೆಯಲ್ಲಿ ಉಪಾಧ್ಯಾಯನಾಗಿದ್ದು, ಬಿಡುವಿನ ವೇಳೆಯಲ್ಲಿ ಅಲ್ಲಿಯ ಉಪಕರಣಗಳಿಂದ ಪ್ರಯೋಗಗಳನ್ನು ನಡೆಯಿಸಿದನು. ಅಂದಿನ ವಿದ್ಯುತ್ಕೋಶಗಳ ಬಲವು ಕ್ಷಣಕ್ಷಣಕ್ಕೂ ಕುಂದುತ್ತಿದ್ದುದರಿಂದ ಅಳತೆಯು ನಿಲ್ಲುತ್ತಿರಲಿಲ್ಲ. ಆದುದರಿಂದ ಅವನು ಬಿಸ್ಮತ್ ಮತ್ತು ತಾಮ್ರಗಳನ್ನು ಜೋಡಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿ, ಅವುಗಳ ತಾಪದ ಅಂತರದಿಂದ ಹುಟ್ಟುವ ನಿಶ್ಚಲವಾದ ಒತ್ತಡವನ್ನು ಪಡೆದನು. ಬೇರೆಬೇರೆ ಉದ್ದದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ಅಯಸ್ಕಾಂತದ ಸೂಜಿಯು ಎಷ್ಟು ತಿರುಗುವುದೆಂದು ನೋಡಿ, ಪ್ರವಾಹವನ್ನು ಅಳೆದನು. ೧೮೨೭ರಲ್ಲಿ ಅವನ ಗ್ರಂಥವು ಬರ್ಲಿನ್ ನಗರದಲ್ಲಿ ಪ್ರಕಟವಾಯಿತು. ಸ್ವದೇಶದಲ್ಲಿ ಅದಕ್ಕೆ ತಕ್ಕ ಮನ್ನಣೆಯು ಒಡನೆ ದೊರೆಯಲಿಲ್ಲ; ಅವನು ಕೊಲೋನಿನ ಹುದ್ದೆಯನ್ನು ಬಿಟ್ಟು ಕೆಲವು ವರ್ಷ ಕಷ್ಟದಿಂದ ಕಳೆದನು. ೧೮೪೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವನಿಗೆ ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಅವನು ೧೮೫೪ರಲ್ಲಿ ಕಾಲವಾದನು. ೧೮೮೧ರಲ್ಲಿ ಪ್ಯಾರಿಸ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ಪರಿಷತ್ತು ರೋಧದ ಮಾನಕ್ಕೆ ಅವನ ಹೆಸರನ್ನೇ ಇಟ್ಟಿತು.

ಓಮನ ನಿಯಮವಾದರೂ ಏನು? ತಾಪವು ಬದಲಾಗದೆ ಇದ್ದರೆ, ಒಂದು ತಂತಿಯಲ್ಲಿ ಒತ್ತಡವು ಹೆಚ್ಚಿದಷ್ಟೂ ಪ್ರವಾಹವು ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಒತ್ತಡವು ಎರಡು ಪಾಲಾದರೆ ಪ್ರವಾಹವೂ ಎರಡು ಪಾಲು. ಇದು ನೇರವಾದ ತ್ರೈರಾಶಿಕ. ಒತ್ತಡವು ಒಂದೇ ಆಗಿದ್ದು ರೋಧವು ಎರಡು ಪಾಲಾದರೆ ಪ್ರವಾಹವು ಅರ್ಧವಾಗುತ್ತದೆ. ಇದು ವ್ಯಸ್ತತ್ರೈರಾಶಿಕ. ೧೧೫೦ರಲ್ಲಿ ರಚಿತವಾದ ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಈ ಎರಡು ಕ್ರಮಗಳೂ ನಿರೂಪಿತವಾಗಿವೆ. ಧಾನ್ಯದ ಬೆಲೆಗೂ ಕೂಲಿಯ ಲೆಕ್ಕಕ್ಕೂ ನಮ್ಮವರು ಬಳಸುತ್ತ ಬಂದ ಕ್ರಮವೇ ಇಲ್ಲಿಯೂ ಸಲ್ಲುತ್ತದೆ.

ಉದಾಹರಣೆಯೊಂದನ್ನು ನೋಡೋಣ. ನಮ್ಮ ದೇಶದ ಮನೆಗಳಿಗೆ ಬರುವ ವಿದ್ಯುತ್ತಿನ ನಿಗದಿಯಾದ ಒತ್ತಡವು ೨೩೦ ವೋಲ್ಟ್. ಒಂದು ಇಸ್ತ್ರಿಪೆಟ್ಟಿಗೆಯಲ್ಲಿ ಆಗ ೪.೩೫ ಆಂಪಿಯರ್ ಪ್ರವಾಹವಿದೆಯೆಂದು ಅಳತೆಯಿಂದ ತಿಳಿಯಿತೆನ್ನಿರಿ. ೨೩೦ನ್ನು ೪.೩೫ರಿಂದ ಭಾಗಿಸಿದರೆ ಸುಮಾರು ೫೩ ಬರುವುದು. ಪೆಟ್ಟಿಗೆಯ ಒಳಗಿರುವ ಕಾಯುವ ತಂತಿಯ ರೋಧವು ೫೩ ಓಮ್ ಎಂದಾಯಿತು. ೨೩೦ನ್ನು ೪.೩೫ರಿಂದ ಗುಣಿಸಿದರೆ ೧೦೦೦ ಬರುವುದು. ಪೆಟ್ಟಿಗೆಯ ಸಾಮರ್ಥ್ಯವು ೧೦೦೦ ವಾಟ್ ಎಂದಾಯಿತು. ಪೆಟ್ಟಿಗೆಯನ್ನು ಬಿಚ್ಚಲಿಲ್ಲ, ತಂತಿಯನ್ನು ಮುಟ್ಟಲಿಲ್ಲ. ಎರಡು ಅಂಕಗಳಿಂದ ಒಳಗಿನ ಸಮಾಚಾರವೆಲ್ಲ ಹೊರಬಿದ್ದಿತು. ಇಂತಹ ೧೦೦೦ ವಾಟ್ ಒಂದು ಗಂಟೆ ವ್ಯಯವಾದರೆ ಅದೇ ಬಿಲ್ಲಿನಲ್ಲಿ ಬರೆಯುವ ಒಂದು ಯೂನಿಟ್.

ಗೃಹಸ್ಥರಿಗೆ ಹೆಚ್ಚಾಗಿ ಬೇಕಾಗುವುದು ಇದರ ವಿಲೋಮಕ್ರಮವು. ಉಪಕರಣದ ಬೆನ್ನಿನಲ್ಲಿಯೋ ಅಡಿಯಲ್ಲಿಯೋ ಅದರ ವಾಟ್ ಎಷ್ಟೆಂದು ಅಚ್ಚಾಗಿರುವುದಷ್ಟೆ. ಆ ಅಂಕವನ್ನು ೨೩೦ರಿಂದ ಭಾಗಿಸಿದರೆ ಆಂಪಿಯರ್ ತಿಳಿಯುವುದು. ೯ ವಾಟಿನ ಈಗಿನ ಎಲ್.ಇ.ಡಿ. ದೀಪಕ್ಕೆ ೦.೦೪ ಆಂಪಿಯರ್ ಮಾತ್ರ. ೧೫೦೦ ವಾಟಿನ ನೀರು ಕಾಯಿಸುವ ಕೆಟಲಿಗೆ ೬.೫. ೨೦೦೦ ವಾಟಿನ ಗೀಸರಿಗೆ ೮.೭. ಇನ್ನು ಗೋಡೆಯಲ್ಲಿರುವ ಸಾಕೆಟ್ಟುಗಳು ಎರಡು ಬಗೆ: ಚಿಕ್ಕದು ೬ ಆಂಪಿಯರಿನದು, ದೊಡ್ಡದು ೧೬ ಆಂಪಿಯರಿನದು. ೬ನ್ನು ೨೩೦ರಿಂದ ಗುಣಿಸಿದರೆ ೧೩೮೦ ವಾಟ್; ಚಿಕ್ಕ ಸಾಕೆಟ್ಟಿನ ಶಕ್ತಿ ಇಷ್ಟೆ. ೧೬ಕ್ಕೆ ೩೬೮೦ ವಾಟ್. ಆದುದರಿಂದ ಇಸ್ತ್ರಿಪೆಟ್ಟಿಗೆಯು ಚಿಕ್ಕ ಸಾಕೆಟ್ಟಿಗೆ ಸಲ್ಲುವುದು. ಆ ಕೆಟಲೂ ಗೀಸರೂ ಸಲ್ಲವು. ಯಾವುದಾದರೂ ಸಾಧನದಿಂದ ದೊಡ್ಡ ಪ್ಲಗ್ಗನ್ನು ಚಿಕ್ಕ ಸಾಕೆಟ್ಟಿಗೆ ಹೊಂದಿಸಿಬಿಡುವ ಚಾತುರ್ಯವನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಅದು ಎತ್ತಿನ ಗಾಡಿಯ ಹೊರೆಯನ್ನು ಕರುವಿನ ಮೇಲೆ ಹೇರಿದಂತೆ.

ಹೊರೆಯು ಹೆಚ್ಚಾದಾಗ ತಂತಿಯಲ್ಲಿ ಏನಾಗುವುದೆಂಬುದನ್ನು ಶೋಧಿಸಿದವನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೌಲ್. ಮ್ಯಾಂಚೆಸ್ಟರಿನ ಬಳಿಯ ಸಾಲ್ಫರ್ಡಿನಲ್ಲಿ ಬೀರು ತಯಾರಿಸುವ ಮನೆತನದಲ್ಲಿ ೧೮೧೮ರಲ್ಲಿ ಹುಟ್ಟಿದ ಈತನು ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಅದರಲ್ಲಿ ವಿದ್ಯುತ್ತನ್ನು ಹರಿಯಿಸಿ, ನೀರು ಎಷ್ಟು ಬಿಸಿಯಾಗುತ್ತದೆಂದು ಅಳೆದನು. ೧೮೪೧ರಲ್ಲಿ ಪ್ರಕಟವಾದ ಅವನ ನಿರ್ಣಯವಿದು: ಶಾಖವು ರೋಧಕ್ಕೆ ಅನುಗುಣವಾಗಿಯೂ ಪ್ರವಾಹದ ವರ್ಗಕ್ಕೆ ಅನುಗುಣವಾಗಿಯೂ ಹುಟ್ಟುತ್ತದೆ. ವರ್ಗವೆಂದರೆ ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದ ಫಲವಷ್ಟೆ. ಪ್ರವಾಹವು ಎರಡು ಪಾಲಾದರೆ ಶಾಖವು ನಾಲ್ಕು ಪಾಲು. ಮೂರು ಪಾಲಾದರೆ ಒಂಬತ್ತು ಪಾಲು. ನಮ್ಮ ನಿಯಮಕ್ಕೂ ಇದಕ್ಕೂ ಭೇದವಿಲ್ಲ. ಒತ್ತಡವೆಂದರೆ ಪ್ರವಾಹ ರೋಧಗಳ ಗುಣಲಬ್ಧ. ಅದನ್ನು ಪುನಃ ಪ್ರವಾಹದಿಂದ ಗುಣಿಸಿದರೆ ಪ್ರವಾಹವು ಎರಡು ಸಲ ಬಂದೇ ಬರುವುದು.

ಈ ವರ್ಗದ ನಿಯಮವು ಮೈಸೂರು ಸೀಮೆಯ ಚರಿತ್ರೆಯಲ್ಲಿಯೂ ಕಾಣಬರುತ್ತದೆ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ವಿದ್ಯುತ್ಕೇಂದ್ರವು ೧೯೦೨ರಲ್ಲಿ ಕೆಲಸಮಾಡತೊಡಗಿ, ಸುಮಾರು ೧೫೦ ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿತು. ೧೯೦೫ರಲ್ಲಿ ಬೆಂಗಳೂರಿಗೂ ಅದರಿಂದಲೇ ದೀಪಗಳಾದವು. ಇಷ್ಟು ದೂರದ ತಂತಿಯಲ್ಲಿ ರೋಧವಿಲ್ಲದೆ ಇದ್ದೀತೆ? ಹತ್ತು ಲಕ್ಷ ವಾಟನ್ನು ೨೩೦ ವೋಲ್ಟಿನಲ್ಲಿ ಕಳುಹಿಸುವುದಾದರೆ ನಾಲ್ಕು ಸಾವಿರಕ್ಕೂ ಮಿಕ್ಕ ಆಂಪಿಯರ್ ಹರಿಯಬೇಕು. ಅದರ ಶಾಖದಲ್ಲಿಯೇ ಎಲ್ಲವೂ ಕಳೆದುಹೋಗುವುದು. ಒತ್ತಡವನ್ನು ನೂರು ಪಾಲು ಏರಿಸಿ ೨೩,೦೦೦ ವೋಲ್ಟ್ ಮಾಡಿದರೆ ಪ್ರವಾಹವು ನೂರರಲ್ಲಿ ಒಂದು ಪಾಲಾಗುವುದು. ತಂತಿಯ ಶಾಖವು ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುವುದು. ದೂರದ ಸಾಗಾಣಿಕೆಗೆ ಒತ್ತಡವನ್ನು ಸಾವಿರಾರು ವೋಲ್ಟುಗಳಿಗೆ ಏರಿಸಿ, ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಮತ್ತೆ ಇಳಿಸುವುದರ ರಹಸ್ಯವು ಈ ಒಂದು ಗುಣಾಕಾರದಲ್ಲಿದೆ.

ಮನೆಯೊಳಗಿನ ಉದ್ದನೆಯ ತಂತಿಗೂ ಇದೇ ನ್ಯಾಯ. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ೧೦ ಮೀಟರ್ ಉದ್ದದ ತಂತಿಯಿದೆ, ಅದರ ತಾಮ್ರದ ಗಾತ್ರವು ೦.೭೫ ಚದರ ಮಿಲಿಮೀಟರ್ ಎನ್ನಿರಿ. ಹೋಗುವ ಎಳೆ, ಬರುವ ಎಳೆ, ಎರಡೂ ಸೇರಿ ೨೦ ಮೀಟರಾಯಿತು; ಅದರ ರೋಧವು ಸುಮಾರು ೦.೪೬ ಓಮ್. ಇಸ್ತ್ರಿಪೆಟ್ಟಿಗೆಯೊಂದೇ ಇದ್ದರೆ ತಂತಿಯಲ್ಲಿ ಹುಟ್ಟುವ ಶಾಖವು ೮.೭ ವಾಟ್; ಚಿಂತೆಯಿಲ್ಲ. ಅದೇ ಬೋರ್ಡಿಗೆ ೧೫೦೦ ವಾಟಿನ ಕೆಟಲನ್ನೂ ಸಿಕ್ಕಿಸಿದರೆ ಪ್ರವಾಹಗಳು ಕೂಡಿ ೧೦.೯ ಆಂಪಿಯರಾಗುವುದು. ಪ್ರವಾಹವು ಎರಡೂವರೆ ಪಾಲಾಯಿತು. ಎರಡೂವರೆ ಎರಡೂವರೆಯ ಆರೂಕಾಲು ಎಂದು ಹಳೆಯ ಮಗ್ಗಿಯನ್ನು ಬಲ್ಲವರು ಥಟ್ಟನೆ ಹೇಳುವರು. ತಂತಿಯ ಶಾಖವು ಸುಮಾರು ೫೫ ವಾಟಿಗೆ ಏರಿತು. ತಂತಿಯನ್ನು ಬಿಡಿಸಿ ಹರಡಿದ್ದರೆ ಶಾಖವು ಗಾಳಿಗೆ ಸೇರೀತು. ಸುರುಳಿ ಸುತ್ತಿ ಚಾಪೆಯ ಕೆಳಗೆ ತಳ್ಳಿದ್ದರೆ ಅಲ್ಲಿಯೇ ನಿಂತು ಮೇಲಿನ ಪ್ಲಾಸ್ಟಿಕನ್ನು ಕರಗಿಸುವುದು.

ಈಗ ಮುಖ್ಯವಿಷಯಕ್ಕೆ ಬರುತ್ತೇವೆ. ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ಗೀಸರಿನ ಪ್ಲಗ್ಗು ಕೆಲವು ದಿನಗಳಿಂದ ಕಂದುಬಣ್ಣಕ್ಕೆ ತಿರುಗಿತ್ತು. ಸ್ನಾನದ ಹೊತ್ತಿಗೆ ಸುಟ್ಟ ವಾಸನೆಯೂ ತೋರುತ್ತಿತ್ತು. ‘ದೋಷವಿದ್ದರೆ ಫ್ಯೂಸು ಹೋಗಬೇಕಾಗಿತ್ತಲ್ಲ, ಹೋಗಿಲ್ಲವಾದ್ದರಿಂದ ದೋಷವಿಲ್ಲ’ ಎಂದು ಮನೆಯ ಯಜಮಾನರ ತರ್ಕ. ಒಂದು ಮುಂಜಾನೆ ಸಾಕೆಟ್ಟು ಹೊತ್ತಿಕೊಂಡು, ಪಕ್ಕದ ಹಲಗೆಯ ಮೇಲಿದ್ದ ಬಟ್ಟೆಗಳಿಗೂ ಬೆಂಕಿ ತಗುಲಿತು. ಆ ಮನೆಯ ಗೃಹಿಣಿಯು ಧೈರ್ಯಗೆಡದೆ ಓಡಿ ಮೈನ್ ಸ್ವಿಚ್ಚನ್ನು ಆರಿಸಿದುದರಿಂದ ಪ್ರಾಣಾಪಾಯವು ತಪ್ಪಿತು. ಆಗಲೂ ಫ್ಯೂಸು ಹಾಗೆಯೇ ಇದ್ದಿತು!

ಇದು ಹೇಗೆ ಸಾಧ್ಯ? ಲೆಕ್ಕವೇ ಉತ್ತರ ಹೇಳುತ್ತದೆ. ೨೦೦೦ ವಾಟಿನ ಗೀಸರಿನ ರೋಧವು ೨೬.೪೫ ಓಮ್, ೨೩೦ನ್ನು ಇದರಿಂದ ಭಾಗಿಸಿದರೆ ೮.೭ ಆಂಪಿಯರ್. ಪ್ಲಗ್ಗಿನ ಕಡ್ಡಿಯೂ ಸಾಕೆಟ್ಟಿನ ಹಿಡಿಯೂ ಬಿಗಿಯಾಗಿ ಕೂಡಿದ್ದರೆ ಆ ಸಂಧಿಯ ರೋಧವು ಅತ್ಯಲ್ಪ. ಅದು ಓಮಿನ ನೂರನೆಯ ಒಂದು ಪಾಲು ಇದ್ದರೂ ಅಲ್ಲಿ ಹುಟ್ಟುವ ಶಾಖವು ಒಂದು ವಾಟನ್ನೂ ಮುಟ್ಟದು. ಹಿಡಿಯು ಸಡಿಲವಾಗಿ, ಕಿಟ್ಟಕಟ್ಟಿ, ಆ ಜಾಗದಲ್ಲಿ ಒಂದು ಓಮ್ ರೋಧವು ಹುಟ್ಟಿತೆನ್ನಿರಿ. ಒಟ್ಟು ರೋಧವು ೨೭.೪೫ ಓಮ್ ಆಯಿತು, ಪ್ರವಾಹವು ೮.೭ರಿಂದ ೮.೪ಕ್ಕೆ ಇಳಿಯಿತು. ೮.೪ರ ವರ್ಗವನ್ನು ಒಂದರಿಂದ ಗುಣಿಸಿದರೆ ಸುಮಾರು ೭೦ ವಾಟ್. ಹಿಂದಿನ ಕಾಲದ ೬೦ ವಾಟಿನ ಗಾಜಿನ ಬುರುಡೆಯು ಉರಿಯುವಾಗ ಕೈಯಿಂದ ಮುಟ್ಟಲಾಗುತ್ತಿರಲಿಲ್ಲವೆಂಬುದನ್ನು ವಾಚಕರು ಬಲ್ಲರು. ಅದಕ್ಕಿಂತ ಹೆಚ್ಚಿನ ಶಾಖವು ಕಡಲೆಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕಿನ ಗೂಡಿನೊಳಗೆ, ಗಾಳಿಯೂ ಇಲ್ಲದೆ ಹುಟ್ಟುತ್ತಿದ್ದರೆ ಏನಾಗದು? ಶಾಖದಿಂದ ಹಿಡಿಯು ಇನ್ನೂ ಸಡಿಲವಾಗುವುದು. ಸಡಿಲವಾದಷ್ಟೂ ರೋಧವು ಏರುವುದು. ರೋಧವು ಏರಿದಂತೆ ಶಾಖವೂ ಏರುವುದು.

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸತಕ್ಕುದು. ಫ್ಯೂಸಾಗಲಿ, ಈಗ ಅದರ ಸ್ಥಾನದಲ್ಲಿರುವ ಎಂ.ಸಿ.ಬಿ.ಯಾಗಲಿ, ಮಿತಿಮೀರಿದ ಪ್ರವಾಹವನ್ನು ಮಾತ್ರ ಅರಿಯಬಲ್ಲುದು. ಸಡಿಲವಾದ ಸಂಧಿಯಿಂದ ಪ್ರವಾಹವು ಹೆಚ್ಚಲಿಲ್ಲ, ಇಳಿಯಿತು. ಕಾವಲುಗಾರನ ಕಣ್ಣಿಗೆ ಮನೆಯು ಮೊದಲಿಗಿಂತಲೂ ಕ್ಷೇಮವಾಗಿ ಕಂಡಿತು. ಆದುದರಿಂದ ಈ ಕಾವಲು ಗೃಹಸ್ಥನ ಪಾಲಿಗೇ ಬಿದ್ದಿದೆ. ಗೀಸರು, ಇಸ್ತ್ರಿಪೆಟ್ಟಿಗೆ, ಕೆಟಲು ಮೊದಲಾದ ಹೆಚ್ಚು ಪ್ರವಾಹದ ಉಪಕರಣಗಳನ್ನು ಹತ್ತು ನಿಮಿಷ ನಡೆಯಿಸಿದ ಮೇಲೆ ಸ್ವಿಚ್ಚನ್ನು ಆರಿಸಿ, ಒಣಗಿದ ಕೈಯಿಂದ ಪ್ಲಗ್ಗನ್ನು ಹೊರತೆಗೆದು, ಅದರ ಕಡ್ಡಿಗಳ ಬಳಿಗೆ ಕೈಯ ಹಿಂಬದಿಯನ್ನು ತಂದು ನೋಡಬೇಕು. ಸ್ವಲ್ಪ ಬೆಚ್ಚಗಿರುವುದು ಸಹಜ. ಬಿಸಿಯು ದೂರಕ್ಕೇ ತಾಕುವಂತಿದ್ದರೆ, ಅಥವಾ ಬಣ್ಣವು ಮಾಸಿದ್ದರೆ, ಆ ಸಾಕೆಟ್ಟನ್ನು ಅಂದಿನಿಂದಲೇ ಉಪಯೋಗಿಸದೆ ಬಲ್ಲವರಿಂದ ಬದಲಾಯಿಸತಕ್ಕುದು. ಕರ್ಣಾಟಕದಲ್ಲಿ ೨೦೨೩ರಲ್ಲಿ ಗೃಹಜ್ಯೋತಿ ಯೋಜನೆಯು ಆರಂಭವಾದ ಮೇಲೆ ಅನೇಕರು ಬಿಲ್ಲಿನ ಚಿಂತೆಯೊಡನೆ ಲೆಕ್ಕದ ಚಿಂತೆಯನ್ನೂ ಬಿಟ್ಟಂತೆ ತೋರುತ್ತದೆ. ಬಿಲ್ಲಿನಲ್ಲಿ ಸೊನ್ನೆಯಿದ್ದರೂ ತಂತಿಯಲ್ಲಿ ಶಾಖವು ಸೊನ್ನೆಯಾಗದು.

ಫ್ಯೂಸು ಅರಿಯದ ಇನ್ನೊಂದು ಅಪಾಯವು ಮನುಷ್ಯದೇಹದ್ದು. ಒಣಗಿದ ಚರ್ಮದ ರೋಧವು ಹೆಚ್ಚು. ಮೈ ಒದ್ದೆಯಾಗಿದ್ದಾಗ ದೇಹದ ರೋಧವು ಸುಮಾರು ೧೦೦೦ ಓಮಿಗೂ ಇಳಿಯಬಲ್ಲುದು. ೨೩೦ನ್ನು ೧೦೦೦ದಿಂದ ಭಾಗಿಸಿದರೆ ೦.೨೩ ಆಂಪಿಯರ್. ದೀಪಗಳ ಲೆಕ್ಕದಲ್ಲಿ ಇದು ಅಲ್ಪ. ೬ ಆಂಪಿಯರಿನ ಫ್ಯೂಸು ಇದನ್ನು ಲಕ್ಷಿಸುವುದೇ ಇಲ್ಲ. ಹೃದಯದ ಗತಿಯನ್ನು ಕೆಡಿಸಿ ಪ್ರಾಣವನ್ನು ತೆಗೆಯಲು ಇಷ್ಟು ಧಾರಾಳವಾಗಿ ಸಾಕು. ಇದಕ್ಕಾಗಿಯೇ ಆರ್.ಸಿ.ಸಿ.ಬಿ. ಎಂಬ ಬೇರೊಂದು ರಕ್ಷಣಾಸಾಧನವಿದೆ. ಹೋದ ಪ್ರವಾಹವೂ ಹಿಂದಿರುಗಿದ ಪ್ರವಾಹವೂ ಸಮನಾಗಿವೆಯೇ ಎಂದು ಅದು ಸದಾ ತೂಗಿನೋಡುತ್ತದೆ; ಮನೆಗಳಿಗಾಗಿ ಮಾಡಿದುದಾದರೆ ೦.೦೩ ಆಂಪಿಯರಿನ ವ್ಯತ್ಯಾಸ ಬಂದೊಡನೆ ವಿದ್ಯುತ್ತನ್ನು ಕತ್ತರಿಸುತ್ತದೆ. ಸ್ನಾನದ ಕೋಣೆಯಲ್ಲಿ ಗೀಸರನ್ನಿಟ್ಟಿರುವವರು ಸರಿಯಾದ ಅರ್ತ್ ತಂತಿಯೊಡನೆ ಇದನ್ನೂ ಹಾಕಿಸಿಕೊಂಡಿರಬೇಕೆಂದು ನಮ್ಮ ಪ್ರಾರ್ಥನೆ.

ಸಂಜೆಯ ಹೊತ್ತು ವೋಲ್ಟೇಜು ಇಳಿಯುವುದರಿಂದ ಬಿಲ್ಲು ಏರುತ್ತದೆಂಬ ನಂಬಿಕೆಯೊಂದು ನಮ್ಮಲ್ಲಿದೆ. ಇದನ್ನೂ ಲೆಕ್ಕದ ಒರೆಗೆ ಹಚ್ಚೋಣ. ಗೀಸರಿನ ರೋಧವು ಅದೇ ೨೬.೪೫ ಓಮ್, ಒತ್ತಡವು ೧೮೦ಕ್ಕೆ ಇಳಿಯಿತೆನ್ನಿರಿ. ಪ್ರವಾಹವು ೬.೮ ಆಂಪಿಯರ್; ಸಾಮರ್ಥ್ಯವು ಸುಮಾರು ೧೨೨೫ ವಾಟ್. ಒತ್ತಡವು ನೂರಕ್ಕೆ ೨೨ರಷ್ಟು ಇಳಿದರೆ ಸಾಮರ್ಥ್ಯವು ನೂರಕ್ಕೆ ೩೯ರಷ್ಟು ಕುಗ್ಗಿತು. ಇಲ್ಲಿಯೂ ವರ್ಗದ ಪ್ರಭಾವವೇ. ಹದಿನೈದು ಲೀಟರ್ ನೀರನ್ನು ೨೫ ಡಿಗ್ರಿಯಿಂದ ೬೦ ಡಿಗ್ರಿಗೆ ಏರಿಸಲು ಸುಮಾರು ೦.೬೧ ಯೂನಿಟ್ ಬೇಕು. ಮೊದಲು ೧೮ ನಿಮಿಷದಲ್ಲಿ ಕಾದ ನೀರು ಈಗ ೩೦ ನಿಮಿಷದಲ್ಲಿ ಕಾಯುವುದು. ಯೂನಿಟ್ಟಿನಲ್ಲಿ ವ್ಯತ್ಯಾಸವಿಲ್ಲ, ಹೆಚ್ಚು ಹೊತ್ತಿನಲ್ಲಿ ಗೋಡೆ ಗಾಳಿಗಳಿಗೆ ಸೋರುವ ಅಲ್ಪಶಾಖವೊಂದನ್ನು ಬಿಟ್ಟರೆ. ಸ್ನಾನಕ್ಕೆ ಕಾಯುವವರ ತಾಳ್ಮೆಯೇ ಹೆಚ್ಚಾಗಿ ಖರ್ಚಾಗುವುದು.

ಈ ನಿಯಮಗಳಿಗೆ ಇರುವ ಮೇರೆಯನ್ನೂ ಹೇಳದೆ ಬಿಡಬಾರದು. ತಾಪವು ಬದಲಾದರೆ ರೋಧವು ಬದಲಾಗುತ್ತದೆ. ೬೦ ವಾಟಿನ ಹಳೆಯ ಬುರುಡೆಯ ರೋಧವು ಉರಿಯುವಾಗ ಸುಮಾರು ೮೮೨ ಓಮ್. ತಣ್ಣಗಿರುವಾಗ ಅದರ ಹತ್ತನೆಯ ಒಂದು ಪಾಲೋ ಇನ್ನೂ ಕಡಮೆಯೋ ಇರುವುದು. ಸ್ವಿಚ್ಚನ್ನು ಹಾಕಿದ ಕ್ಷಣದಲ್ಲಿಯೇ ಅಂತಹ ಬುರುಡೆಗಳು ಹೆಚ್ಚಾಗಿ ಹಾಳಾಗುತ್ತಿದ್ದುದಕ್ಕೆ ಇದೇ ಕಾರಣ. ಫ್ಯಾನು, ಮಿಕ್ಸಿ, ನೀರೆತ್ತುವ ಪಂಪು ಮೊದಲಾದ ಮೋಟಾರುಗಳಲ್ಲಿ ಪ್ರವಾಹವು ಒತ್ತಡದೊಡನೆ ಹೆಜ್ಜೆ ಹಾಕದೆ ತುಸು ಹಿಂದೆ ಬೀಳುವುದರಿಂದ, ವೋಲ್ಟ್ ಆಂಪಿಯರುಗಳ ಗುಣಲಬ್ಧವನ್ನು ಪವರ್ ಫ್ಯಾಕ್ಟರ್ ಎಂಬ ಒಂದಕ್ಕಿಂತ ಕಡಮೆಯಾದ ಸಂಖ್ಯೆಯಿಂದ ಪುನಃ ಗುಣಿಸಬೇಕು. ಒಂದು ಫ್ಯಾನಿಗೆ ೦.೪ ಆಂಪಿಯರ್ ಹರಿದು ಆ ಸಂಖ್ಯೆಯು ೦.೮ ಆಗಿದ್ದರೆ, ೯೨ಕ್ಕೆ ಬದಲಾಗಿ ಸುಮಾರು ೭೪ ವಾಟ್ ನಿಜವಾದ ಸಾಮರ್ಥ್ಯ. ಎಲ್.ಇ.ಡಿ. ದೀಪವೂ ಶುದ್ಧವಾದ ರೋಧವಲ್ಲ. ಅದಕ್ಕೂ ಈ ಎಚ್ಚರಿಕೆ ಬೇಕು. ಕಾಯಿಸುವ ಉಪಕರಣಗಳಲ್ಲಿ ಮಾತ್ರ ನಮ್ಮ ಲೆಕ್ಕವು ಪೂರ್ಣವಾಗಿ ಸಲ್ಲುತ್ತದೆ. ಅಪಾಯವೂ ಹೆಚ್ಚಾಗಿ ಅಲ್ಲಿಯೇ ಇರುವುದರಿಂದ ಗೃಹಸ್ಥನಿಗೆ ಅದು ಸಾಕು.

ಅಳತೆಯನ್ನು ಮಾಡುವುದೆಂತು ಎಂದು ಕೆಲವರು ಕೇಳಬಹುದು. ತಂತಿಯನ್ನು ಇಕ್ಕುಳದಂತೆ ಸುತ್ತುವರಿದು ಪ್ರವಾಹವನ್ನು ತಿಳಿಸುವ ಕ್ಲ್ಯಾಂಪ್ ಮೀಟರ್ ಕೆಲಸಗಾರರ ಬಳಿ ಇರುತ್ತದೆ. ಅದು ಒಂದೇ ಎಳೆಯನ್ನು ಹಿಡಿಯಬೇಕು. ಎರಡೆಳೆಯ ತಂತಿಯನ್ನು ಒಟ್ಟಿಗೆ ಹಿಡಿದರೆ ಹೋಗುವುದೂ ಬರುವುದೂ ಒಂದನ್ನೊಂದು ಅಳಿಸಿಕೊಂಡು ಸೊನ್ನೆಯನ್ನು ತೋರಿಸುವುದು. ಆದರೆ ಯಾವ ತಂತಿಯನ್ನೂ ಮುಟ್ಟದೆ ಮನೆಯವರೇ ಮಾಡಬಹುದಾದ ಕ್ರಮವೊಂದಿದೆ. ಈಗಿನ ಮೀಟರುಗಳ ಮೇಲೆ ಮಿಣುಕುವ ಸಣ್ಣ ಕೆಂಪುದೀಪವೊಂದಿರುವುದು. ಎಷ್ಟು ಮ��ಣುಕಿಗೆ ಒಂದು ಯೂನಿಟ್ ಎಂಬುದು ಪಕ್ಕದಲ್ಲಿ ಬರೆದಿರುವುದು. ಅದು ೩೨೦೦ ಎನ್ನಿರಿ. ಮನೆಯ ಎಲ್ಲವನ್ನೂ ಆರಿಸಿ, ಒಂದೇ ಉಪಕರಣವನ್ನು ನಡೆಯಿಸಿ, ಒಂದು ನಿಮಿಷ ಮಿಣುಕುಗಳನ್ನು ಎಣಿಸಬೇಕು. ೩೨ ಬಂದರೆ ಒಂದು ನಿಮಿಷಕ್ಕೆ ಯೂನಿಟ್ಟಿನ ನೂರನೆಯ ಒಂದು ಪಾಲು, ಗಂಟೆಗೆ ೦.೬ ಯೂನಿಟ್, ಸಾಮರ್ಥ್ಯವು ೬೦೦ ವಾಟ್. ಅದನ್ನು ೨೩೦ರಿಂದ ಭಾಗಿಸಿದರೆ ೨.೬ ಆಂಪಿಯರ್, ೨೩೦ನ್ನು ಪುನಃ ಇದರಿಂದ ಭಾಗಿಸಿದರೆ ೮೮ ಓಮ್. ಎಲ್ಲವನ್ನೂ ಆರಿಸಿದ ಮೇಲೆಯೂ ದೀಪವು ಮಿಣುಕುತ್ತಿದ್ದರೆ, ಎಲ್ಲಿಯೋ ಏನೋ ನಡೆಯುತ್ತಿದೆಯೆಂದು ಅರ್ಥ, ಅದನ್ನು ಹುಡುಕಿಸಬೇಕು.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೇ ಒಪ್ಪಿಸುವುದು ಮೇಲು. ಹಿರಿಯರು ಪಕ್ಕದಲ್ಲಿ ನಿಂತು, ಪ್ರತಿಯೊಂದು ಉಪಕರಣದ ಹೆಸರು, ಅದರ ವಾಟ್, ಅದರಿಂದ ಬಂದ ಆಂಪಿಯರ್, ಅದು ಯಾವ ಸಾಕೆಟ್ಟಿಗೆ ಸಲ್ಲುವುದು, ಎಂಬ ನಾಲ್ಕು ಅಂಕಣಗಳ ಪಟ್ಟಿಯೊಂದನ್ನು ಅವರಿಂದ ಬರೆಯಿಸಿ ಮೀಟರಿನ ಪೆಟ್ಟಿಗೆಯ ಬಳಿ ಅಂಟಿಸಿರಲಿ. ಒಂದು ರವಿವಾರದ ಬೆಳಗ್ಗೆ ಇದು ಮುಗಿಯುವ ಕೆಲಸ. ಹೊಸ ಉಪಕರಣವು ಮನೆಗೆ ಬಂದಾಗ ಪಟ್ಟಿಗೆ ಒಂದು ಸಾಲು ಸೇರಲಿ. ವರ್ಷಕ್ಕೆರಡು ಬಾರಿ ಪ್ಲಗ್ಗುಗಳ ಬಿಸಿಯನ್ನು ಪರೀಕ್ಷಿಸಿದ ದಿನವನ್ನೂ ಅದರ ಕೆಳಗೆ ಬರೆಯಲಿ.